ತೊಂಡೆಹಣ್ಣಿನ ಕೆಂಪು ಯಾವ ಕೆಂಪು? ಅಗ್ಗದ ತುಟಿಬಣ್ಣಗಳ ಛಾಯೆಗಳನ್ನು ಕುರಿತು

ಪದವಿ ತರಗತಿಯಲ್ಲಿ ಒಂದು ಚಂಪೂಕಾವ್ಯದ ನಾಯಿಕಾವರ್ಣನೆಯನ್ನು ಪಾಠ ಮಾಡುತ್ತಿದ್ದೆ. ಕವಿಸಮಯದಂತೆ ಅಲ್ಲಿ ನಾಯಿಕೆಯ ತುಟಿಗೆ ತೊಂಡೆಯ ಹೋಲಿಕೆ ಬಂದಿತ್ತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ವಿದ್ಯಾರ್ಥಿನಿ ಎದ್ದು, “ಮೇಡಂ, ತೊಂಡೆಕಾಯಿ ಹಸಿರಲ್ಲವೇ? ಹಸಿರು ತುಟಿ ಹೇಗೆ ಚೆಂದ?” ಎಂದು ಕೇಳಿದಳು. ತರಗತಿ ನಕ್ಕಿತು. ಕವಿ ಹೇಳುತ್ತಿರುವುದು ಕಾಯಿಯನ್ನಲ್ಲ, ಹಣ್ಣನ್ನು ಎಂದು ವಿವರಿಸಿದೆ. ಆಗ ಅವಳು ತನ್ನ ಚೀಲದಿಂದ ಮೂರು ಲಿಪ್‌ಸ್ಟಿಕ್‌ಗಳನ್ನು ತೆಗೆದು ಮೇಜಿನ ಮೇಲಿಟ್ಟು, “ಹಾಗಾದರೆ ಇವುಗಳಲ್ಲಿ ತೊಂಡೆಹಣ್ಣಿನ ಬಣ್ಣ ಯಾವುದು?” ಎಂದಳು. ಮೂವತ್ತು ವರ್ಷಗಳಿಂದ ಬಿಂಬಾಧರ, ಬಿಂಬೋಷ್ಠ ಎಂಬ ಸಮಾಸಗಳನ್ನು ಬಿಡಿಸುತ್ತ ಬಂದಿರುವ ನನಗೆ ಆ ಕ್ಷಣದಲ್ಲಿ ಉತ್ತರ ಹೊಳೆಯಲಿಲ್ಲ.

ಆ ಮೂರೂ ಬಳೆ ಅಂಗಡಿಯಲ್ಲಿ ಕೊಂಡವು. ಮೂರೂ ಸೇರಿ ಐನೂರು ರೂಪಾಯಿ ಮೀರಿರಲಿಲ್ಲ. ಒಂದರ ಮೇಲೆ ‘ಕೋರಲ್’ ಎಂದೂ, ಇನ್ನೊಂದರ ಮೇಲೆ ‘ಬ್ರಿಕ್ ರೆಡ್’ ಎಂದೂ, ಮೂರನೆಯದರ ಮೇಲೆ ‘ನ್ಯೂಡ್’ ಎಂದೂ ಬರೆದಿತ್ತು. ಮೂರನೆಯದನ್ನು ಅವಳು ತಾನಾಗಿ ಆರಿಸಿದ್ದಲ್ಲ. ಅಂಗಡಿಯಾಕೆ ಅವಳ ಮುಖ ನೋಡಿ, “ನಿನ್ನ ಬಣ್ಣಕ್ಕೆ ಕೆಂಪು ಒಪ್ಪುವುದಿಲ್ಲಮ್ಮ, ಇದು ತಗೋ” ಎಂದು ಕೊಟ್ಟಿದ್ದಳಂತೆ. ಪಾಠ ಮುಗಿದ ಮೇಲೆ ವಿದ್ಯಾರ್ಥಿನಿ ಇದನ್ನು ನಗುತ್ತಲೇ ಹೇಳಿದಳು. ಆದರೆ ಹೇಳಬೇಕೆನಿಸುವಷ್ಟು ಅದು ಅವಳ ಮನಸ್ಸಿನಲ್ಲಿ ಉಳಿದಿತ್ತು. ಪ್ರಸ್ತುತ ಲೇಖನ ಆ ಎರಡು ಮಾತುಗಳಿಂದ ಹುಟ್ಟಿದ್ದು: ತೊಂಡೆಹಣ್ಣಿನ ಕೆಂಪು ಯಾವುದು ಎಂಬ ಪ್ರಶ್ನೆ, ಮತ್ತು ಒಂದು ಮೈಬಣ್ಣಕ್ಕೆ ಕೆಂಪು ಒಪ್ಪದು ಎಂಬ ತೀರ್ಪು.

ನಾಲ್ಕು ಉಪಮಾನ, ನಾಲ್ಕು ಕೆಂಪು

ತುಟಿಯ ವರ್ಣನೆಗೆ ನಮ್ಮ ಕಾವ್ಯಪರಂಪರೆ ಹೆಚ್ಚಾಗಿ ಬಳಸುವ ಉಪಮಾನಗಳು ನಾಲ್ಕು: ತೊಂಡೆಹಣ್ಣು, ಹವಳ, ಚೆಂದಳಿರು, ಬಂದುಗೆಯ ಹೂ. ಪಾಠ ಮಾಡುವಾಗ ಇವನ್ನು ‘ಕೆಂಪು’ ಎಂಬ ಒಂದೇ ಸಾಧಾರಣ ಧರ್ಮಕ್ಕೆ ಇಳಿಸಿ ಮುಂದೆ ಸಾಗುವುದು ನಮ್ಮ ರೂಢಿ. ಈ ನಾಲ್ಕನ್ನೂ ಒಮ್ಮೆ ಕಣ್ಣೆದುರು ತಂದುಕೊಂಡರೆ ಆ ಇಳಿಕೆ ಎಷ್ಟು ಅನ್ಯಾಯದ್ದೆಂದು ತಿಳಿಯುತ್ತದೆ.

ಬೇಲಿಯ ಮೇಲೆ ಹಬ್ಬಿದ ಕಾಡುತೊಂಡೆಯ ಹಣ್ಣು ಕಿತ್ತಳೆಯ ಕಡೆಗೆ ವಾಲಿದ ಉಜ್ಜ್ವಲವಾದ ಕೆಂಪು. ಅದರ ನಯವಾದ ಸಿಪ್ಪೆಗೆ ಮಿನುಗೂ ಉಂಟು. ಅಮರಕೋಶ ಈ ಬಳ್ಳಿಗೆ ‘ರಕ್ತಫಲಾ’ ಎಂಬ ಹೆಸರನ್ನೇ ಕೊಟ್ಟಿದೆ. ಹವಳದ್ದು ಕಿತ್ತಳೆ ಬೆರೆತ ತಿಳಿಗೆಂಪು. ಅದು ಕಲ್ಲಿನ ಬಣ್ಣ, ಒಳಗಿನಿಂದ ಬೆಳಕು ಹಾಯುವುದಿಲ್ಲ. ಬಂದುಗೆಯ ಹೂವಿನದು ತುಂಬುಗೆಂಪು. ಚೆಂದಳಿರು ಇವೆಲ್ಲಕ್ಕಿಂತ ಬೇರೆ. ಮಾವಿನ ಎಳೆ ಚಿಗುರನ್ನು ನೋಡಿ: ಅದು ಕಂದು ಬೆರೆತ, ತಾಮ್ರದ ಹೊಳಪಿನ, ಬೆಳಕಿಗೆ ಹಿಡಿದರೆ ಒಳಗಿನಿಂದ ಕೆಂಪೇರುವ ಬಣ್ಣ. ಹೀಗೆ ಒಂದು ಕಿತ್ತಳೆಗೆಂಪು, ಒಂದು ತಿಳಿಗೆಂಪು, ಒಂದು ತುಂಬುಗೆಂಪು, ಒಂದು ಕೆಂಗಂದು. ಇಂದಿನ ಅಂಗಡಿಯ ಛಾಯಾಪಟ್ಟಿಯನ್ನು ಮುಂದಿಟ್ಟುಕೊಂಡರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಣ್ಣಗಳು ಈ ನಾಲ್ಕು ಮನೆಗಳಲ್ಲಿ ಕೂರುತ್ತವೆ.

ಅಮರಸಿಂಹನು ವರ್ಣವಾಚಕಗಳನ್ನು ವಿಂಗಡಿಸಿರುವ ಕ್ರಮವೂ ಇಲ್ಲಿ ನೆನಪಿಗೆ ಬರಬೇಕು. ರಕ್ತ, ಲೋಹಿತ ಎಂಬ ಸಾಮಾನ್ಯ ಕೆಂಪಿನಿಂದ ಆತ ಕೆಂದಾವರೆಯ ಕಾಂತಿಯುಳ್ಳ ಶೋಣವನ್ನು ಬೇರೆ ಮಾಡುತ್ತಾನೆ. ಇನ್ನೂ ಸ್ಪಷ್ಟವಾಗಿ ಮೂಡದ ಕೆಂಪನ್ನು ಅರುಣವೆನ್ನುತ್ತಾನೆ; ಬಿಳಿ ಬೆರೆತ ಕೆಂಪನ್ನು ಪಾಟಲವೆನ್ನುತ್ತಾನೆ; ಕಪ್ಪು ಬೆರೆತ ಕೆಂಪನ್ನು ಧೂಮ್ರವೆನ್ನುತ್ತಾನೆ. ಕೊನೆಯ ಎರಡು ಲಕ್ಷಣಗಳು ಗಮನಾರ್ಹ. ಅವು ಬಣ್ಣವನ್ನು ಹೂವಿಗೋ ಹಣ್ಣಿಗೋ ಹೋಲಿಸದೆ, ಯಾವುದರೊಡನೆ ಯಾವುದು ಬೆರೆತರೆ ಅದು ಹುಟ್ಟುತ್ತದೆಂದು ಹೇಳುತ್ತವೆ. ಇಂದಿನ ಕಾರ್ಖಾನೆ ಮಾಡುವುದೂ ಇದನ್ನೇ: ಕೆಂಪಿಗೆ ಬಿಳಿಯ ಪುಡಿ ಸೇರಿಸಿದರೆ ಗುಲಾಬಿ ಛಾಯೆಗಳ ಸಾಲು, ಕಪ್ಪು ಸೇರಿಸಿದರೆ ದ್ರಾಕ್ಷಿ, ನೇರಳೆ, ಮೆರೂನ್ ಛಾಯೆಗಳ ಸಾಲು.

ಅರಗು, ಮೇಣ, ತಾಂಬೂಲ

ತುಟಿಗೆ ಬಣ್ಣ ಹಚ್ಚುವುದು ಪರದೇಶದಿಂದ ಬಂದ ಚಾಳಿಯೆಂಬ ಮಾತನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ನಮ್ಮ ಗ್ರಂಥಗಳು ಈ ಮಾತನ್ನು ಒಪ್ಪುವುದಿಲ್ಲ. ಕಾಮಸೂತ್ರದ ನಾಗರಕವೃತ್ತ ಪ್ರಕರಣದಲ್ಲಿ ನಾಗರಕನು ಬೆಳಗಿನ ಕರ್ಮಗಳನ್ನು ಮುಗಿಸಿ ಸಿಕ್ಥಕ ಮತ್ತು ಅಲಕ್ತಕಗಳನ್ನು ಬಳಸುತ್ತಾನೆ, ಕನ್ನಡಿ ನೋಡಿಕೊಳ್ಳುತ್ತಾನೆ, ತಾಂಬೂಲ ತೆಗೆದುಕೊಳ್ಳುತ್ತಾನೆ. ಸಿಕ್ಥಕವೆಂದರೆ ಜೇನುಮೇಣ, ಅಲಕ್ತಕವೆಂದರೆ ಅರಗಿನಿಂದ ತೆಗೆದ ಕೆಂಪು. ಜಯಮಂಗಲಾ ವ್ಯಾಖ್ಯಾನವನ್ನು ಬರೆದ ಯಶೋಧರನು ಇದರ ಕ್ರಮವನ್ನೂ ವಿವರಿಸಿದ್ದಾನೆ: ತುಸು ಒದ್ದೆ ಮಾಡಿದ ಅಲಕ್ತಕದ ಉಂಡೆಯಿಂದ ತುಟಿಯನ್ನು ಉಜ್ಜಿ, ತಾಂಬೂಲ ಮೆದ್ದು, ಮೇಲೆ ಮೇಣದ ಗುಳಿಗೆಯನ್ನು ಆಡಿಸಬೇಕು. ಬಣ್ಣ ಕೊಡುವುದೊಂದು ದ್ರವ್ಯ, ಅದನ್ನು ಹಿಡಿದಿಟ್ಟು ಮಿನುಗಿಸುವುದೊಂದು ದ್ರವ್ಯ. ಇಂದಿನ ಲಿಪ್‌ಸ್ಟಿಕ್ಕಿನ ರಚನೆಯೂ ಇದೇ. ಎರಡನ್ನೂ ಒಂದೇ ಕಡ್ಡಿಯಲ್ಲಿ ಎರಕ ಹೊಯ್ದಿರುವುದಷ್ಟೇ ಹೊಸತು. ಇಲ್ಲಿ ತುಟಿಗೆ ಬಣ್ಣ ಹಚ್ಚಿಕೊಳ್ಳುತ್ತಿರುವವನು ಗಂಡಸು ಎಂಬುದನ್ನೂ ವಿದ್ಯಾರ್ಥಿಗಳು ಗಮನಿಸಬೇಕು.

ಕಾಳಿದಾಸನ ಕುಮಾರಸಂಭವದಲ್ಲಿ ಇದೇ ಪ್ರಸಾಧನ ಎರಡು ಕಡೆ ಬರುತ್ತದೆ. ಐದನೆಯ ಸರ್ಗದಲ್ಲಿ ಪಾರ್ವತಿ ತಪಸ್ಸಿಗೆ ತೊಡಗಿದಾಗ, ತುಟಿಗೆ ಬಣ್ಣ ಹಚ್ಚುತ್ತಿದ್ದ ಕೈ ಆ ಕೆಲಸದಿಂದ ಹಿಂದೆಗೆದು ಜಪಮಾಲೆಯನ್ನು ಹಿಡಿಯುತ್ತದೆ. ಏಳನೆಯ ಸರ್ಗದಲ್ಲಿ ಮದುವೆಯ ಅಲಂಕಾರ ನಡೆಯುವಾಗ ಅವಳ ಕೆಳದುಟಿಯ ಕೆಂಪನ್ನು ಜೇನುಮೇಣ ತುಸುವೇ ತಿಳಿಗೊಳಿಸಿರುತ್ತದೆ. ತ್ಯಾಗದ ಗುರುತಾಗಿ ಒಮ್ಮೆ ಬಿಟ್ಟದ್ದು, ಮಂಗಳದ ಗುರುತಾಗಿ ಮತ್ತೆ ಮರಳುತ್ತದೆ. ಎರಡನೆಯ ಸಂದರ್ಭದಲ್ಲಿ ಕವಿ ‘ತುಸು’ ಎಂಬ ಅಳತೆಯನ್ನು ಹೇಳಿರುವುದು ಮುಖ್ಯ. ತುಟಿಯಲ್ಲಿ ಮೊದಲೇ ಒಂದು ಕೆಂಪು ಇದೆ. ಹಚ್ಚಿದ ದ್ರವ್ಯ ಅದನ್ನು ಮುಚ್ಚುತ್ತಿಲ್ಲ, ಅದರೊಡನೆ ಕೂಡುತ್ತಿದೆ.

ಕನ್ನಡನಾಡಿನ ಮಟ್ಟಿಗೆ ತುಟಿಯ ಕೆಂಪೆಂದರೆ ಮೊದಲು ತಾಂಬೂಲವೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವು ತಾಂಬೂಲವನ್ನು ರಾಜಭೋಗಗಳಲ್ಲಿ ಒಂದೆಂದು ಎಣಿಸಿ ಪ್ರತ್ಯೇಕವಾಗಿ ವಿವರಿಸಿದೆ. ಅಡಿಕೆಯಲ್ಲಿ ಇರುವ ಒಗರಿನ ಅಂಶ ಸುಣ್ಣದ ಕ್ಷಾರದೊಡನೆ ಕೂಡಿದಾಗ ಕೆಂಪೇಳುತ್ತದೆ. ಕಾಚು ಸೇರಿದರೆ ಆ ಕೆಂಪು ಗಾಢವಾಗಿ ಕಂದಿನತ್ತ ತಿರುಗುತ್ತದೆ. ಅಡಿಕೆ, ಸುಣ್ಣ, ಕಾಚುಗಳ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡುತ್ತ ನಮ್ಮ ಅಜ್ಜಿಯರು ತಮಗೆ ಬೇಕಾದ ಛಾಯೆಯನ್ನು ತಾವೇ ತಯಾರಿಸಿಕೊಳ್ಳುತ್ತಿದ್ದರು. ಅದನ್ನು ಯಾರೂ ಚಾಳಿಯೆನ್ನಲಿಲ್ಲ. ಊಟದ ನಂತರದ ಮರ್ಯಾದೆಯೆಂದರು.

ಲಾಕ್ಷೆಯಿಂದ ‘ಲೇಕ್’, ಕೃಮಿಯಿಂದ ‘ಕಿರಮಂಜಿ’

ವಿದ್ಯಾರ್ಥಿನಿಯ ಮೂರು ಕೊಳವೆಗಳ ಹಿಂಬದಿಯನ್ನು ಭೂತಗನ್ನಡಿ ಹಿಡಿದು ಓದಿದೆ. ಘಟಕಗಳ ಪಟ್ಟಿಯಲ್ಲಿ ಒಂದೆಡೆ ‘ಲೇಕ್’ ಎಂಬ ಪದವಿತ್ತು. ಕೆರೆಗೂ ಇದಕ್ಕೂ ಸಂಬಂಧವಿಲ್ಲ. ನೀರಿನಲ್ಲಿ ಕರಗುವ ಬಣ್ಣವನ್ನು ಲೋಹದ ಲವಣದೊಡನೆ ಕೂಡಿಸಿ ಕರಗದ ಪುಡಿಯಾಗಿ ಮಾಡಿದರೆ ಅದು ಲೇಕ್. ಈ ಪದದ ಮೂಲ ಲ್ಯಾಕ್, ಎಂದರೆ ಅರಗು. ಅದರ ಮೂಲ ನಮ್ಮ ‘ಲಾಕ್ಷಾ’. ಅರಗಿನ ಕೆಂಪಿನಿಂದ ಇಂತಹ ಪುಡಿ ಮಾಡುತ್ತಿದ್ದ ಕಾಲದ ಹೆಸರು, ಅರಗಿನ ಸೋಂಕೂ ಇಲ್ಲದ ರಾಸಾಯನಿಕ ಬಣ್ಣಗಳಿಗೂ ಅಂಟಿಕೊಂಡು ಬಂದಿದೆ. ಪಾಂಡವರಿಗೆ ಕಟ್ಟಿಸಿದ ಮನೆಯಲ್ಲಿದ್ದ ಅರಗು, ಚನ್ನಪಟ್ಟಣದ ಗೊಂಬೆಗಳಿಗೆ ಇಂದಿಗೂ ಹೊಳಪು ಕೊಡುವ ಅರಗು, ಬಳೆ ಅಂಗಡಿಯ ಅಗ್ಗದ ಕೊಳವೆಯ ಬೆನ್ನಮೇಲೆ ಪರಭಾಷೆಯ ವೇಷದಲ್ಲಿ ಕುಳಿತಿದೆ.

ಇನ್ನೊಂದು ಪದ ‘ಕಾರ್ಮೈನ್’. ಅಂತರರಾಷ್ಟ್ರೀಯ ವರ್ಣಸೂಚಿಯಲ್ಲಿ ಇದರ ಸಂಖ್ಯೆ ಸಿ.ಐ. 75470. ಮೆಕ್ಸಿಕೋ, ಪೆರು ಮೊದಲಾದ ನಾಡುಗಳಲ್ಲಿ ಪಾಪಾಸುಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಎಂಬ ಹುಳುವನ್ನು ಒಣಗಿಸಿ ತೆಗೆಯುವ ಕೆಂಪಿದು. ಕಾರ್ಮೈನ್, ಕ್ರಿಮ್ಸನ್ ಎಂಬ ಪದಗಳು ಅರಬ್ಬಿಯ ‘ಕಿರ್ಮಿಜ್’ ಮೂಲಕ ಬಂದವು. ಸಂಸ್ಕೃತದ ‘ಕೃಮಿಜ’ ಇದೇ ಕುಟುಂಬದ್ದು. ನಮ್ಮ ‘ಕಿರಮಂಜಿ’ಯೂ ಇದೇ ಬಳ್ಳಿಯ ಕುಡಿ. ಅಂಗಡಿಯಲ್ಲಿ ‘ಕ್ರಿಮ್ಸನ್’ ಎಂದು ಕೇಳುವ ಹುಡುಗಿಗೆ ಅವಳ ಮುತ್ತಜ್ಜಿ ಸೀರೆಯ ಬಣ್ಣಕ್ಕೆ ಬಳಸುತ್ತಿದ್ದ ಕಿರಮಂಜಿ ಎಂಬ ಪದ ಅದೇ ಎಂದು ತಿಳಿಸುವುದು ಕನ್ನಡ ಅಧ್ಯಾಪಕರ ಕೆಲಸವೆಂದು ನಾನು ಭಾವಿಸುತ್ತೇನೆ.

ಈ ಎರಡು ಕೆಂಪುಗಳ ಹಿಂದೆಯೂ ಜೀವಹಾನಿಯಿದೆ ಎಂಬುದನ್ನು ಮರೆಯುವಂತಿಲ್ಲ. ಅರಗನ್ನು ಸುರಿಸುವುದೂ ಒಂದು ಕೀಟವೇ. ಶ್ರಾವಕನು ತ್ಯಜಿಸಬೇಕಾದ ಹದಿನೈದು ವೃತ್ತಿಗಳನ್ನು, ಎಂದರೆ ಕರ್ಮಾದಾನಗಳನ್ನು, ಹೇಳುವಾಗ ಜೈನ ಆಚಾರಗ್ರಂಥಗಳು ಲಾಕ್ಷಾವಾಣಿಜ್ಯವನ್ನು ಸೇರಿಸಿವೆ. ಹೇಮಚಂದ್ರನ ಯೋಗಶಾಸ್ತ್ರದಲ್ಲಿ ಇದು ಸ್ಪಷ್ಟವಾಗಿದೆ. ಬಣ್ಣದ ಚೆಲುವನ್ನು ಕೊಂಡಾಡುವ ಕಾವ್ಯ ಮತ್ತು ಆ ಬಣ್ಣದ ವ್ಯಾಪಾರವನ್ನು ಬೇಡವೆನ್ನುವ ಶಾಸ್ತ್ರ ಒಂದೇ ಸಮಾಜದಲ್ಲಿ ಅಕ್ಕಪಕ್ಕ ಇದ್ದವು. ಈಗ ಕೆಲವು ಕೊಳವೆಗಳ ಮೇಲೆ ಹಸಿರು ಚುಕ್ಕೆ ಕಾಣುತ್ತದೆ. ಆ ಹಳೆಯ ಪ್ರಶ್ನೆಯ ಹೊಸ ರೂಪವದು. ಅಗ್ಗದ ಲಿಪ್‌ಸ್ಟಿಕ್‌ಗಳಲ್ಲಿ ಬಹಳಷ್ಟು ಹುಳುವಿನ ಕಾರ್ಮೈನನ್ನು ಬಿಟ್ಟು ಸಂಯೋಜಿತ ಬಣ್ಣಗಳನ್ನೇ ಅವಲಂಬಿಸಿರುವುದಕ್ಕೆ ಕಾರಣ ಕರುಣೆಗಿಂತ ಹೆಚ್ಚಾಗಿ ಬೆಲೆ. ಆದರೂ ಸಂಖ್ಯೆ ನೋಡಿ ಆರಿಸಬಲ್ಲ ಗ್ರಾಹಕಳಿಗೆ ಇದರಿಂದ ಒಂದು ದಾರಿ ದೊರೆತಿದೆ.

ಬಣ್ಣ ಅಗ್ಗವಾದ ಬಗೆ

ತುಟಿಬಣ್ಣ ಕಡ್ಡಿಯ ರೂಪ ತಾಳಿ ಎಲ್ಲರ ಕೈಗೆಟುಕಿದ ಕಥೆ ಐರೋಪ್ಯ ರಸಾಯನಶಾಸ್ತ್ರಕ್ಕೂ ಅಮೆರಿಕದ ಅಂಗಡಿಗಳಿಗೂ ಸೇರಿದ್ದು. 1856ರಲ್ಲಿ ವಿಲಿಯಂ ಪರ್ಕಿನ್ ಕೃತಕ ನೇರಳೆಬಣ್ಣವನ್ನು ತಯಾರಿಸಿದ ನಂತರ ಕೃತಕ ವರ್ಣಗಳ ಪ್ರವಾಹವೇ ಹರಿಯಿತು. 1870ರ ದಶಕದಲ್ಲಿ ಜರ್ಮನಿಯಲ್ಲಿ ಇಯೋಸಿನ್ ಎಂಬ ಕೆಂಪು ಬಂದಿತು. ಅದರ ಹೆಸರು ಗ್ರೀಕರ ಉಷೋದೇವತೆ ‘ಈಯೋಸ್’ ಎಂಬುದನ್ನು ನೆನಪಿಸುತ್ತದೆ. ನಮ್ಮಲ್ಲಿಯೂ ಮುಂಜಾವಿನ ಕೆಂಪಿಗೆ ಅರುಣವೆಂಬ ಹೆಸರಿದೆ.

ಇಯೋಸಿನ್ನಿನ ಸ್ವಭಾವ ವಿಚಿತ್ರ. ಅದರ ಆಮ್ಲರೂಪ ಕಡ್ಡಿಯಲ್ಲಿ ಕಿತ್ತಳೆಯಾಗಿ ಕಾಣುತ್ತದೆ. ತುಟಿಯ ತೇವಕ್ಕೆ ತಾಗಿದಾಗ ಗುಲಾಬಿಗೆಂಪಾಗಿ ತಿರುಗಿ ಚರ್ಮಕ್ಕೆ ಹತ್ತಿಕೊಳ್ಳುತ್ತದೆ. ಅಮೆರಿಕದಲ್ಲಿ ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ಹೆಸರಾದ ‘ಟ್ಯಾಂಜಿ’ ಎಂಬ ಲಿಪ್‌ಸ್ಟಿಕ್ಕಿನ ಗುಟ್ಟು ಇಂತಹ ಬಣ್ಣಬದಲಾವಣೆಯೇ. ಕಡ್ಡಿ ಕಿತ್ತಳೆ, ಹಚ್ಚಿದರೆ ಪ್ರತಿಯೊಬ್ಬರಿಗೂ ಅವರವರ ಬಣ್ಣ ಎಂಬುದು ಅದರ ಜಾಹೀರಾತಿನ ವಾದ. ಅಲಂಕಾರಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಕೂಡಲೇ ಗುರುತಿಸುತ್ತಾರೆ: ತನ್ನ ಗುಣವನ್ನು ಬಿಟ್ಟು ನೆರೆಯ ವಸ್ತುವಿನ ಗುಣವನ್ನು ಪಡೆಯುವುದು ತದ್ಗುಣ. ವಾಸ್ತವದಲ್ಲಿ ಇಯೋಸಿನ್ ಎಲ್ಲರ ತುಟಿಯ ಮೇಲೂ ಹೆಚ್ಚುಕಡಿಮೆ ಒಂದೇ ಗುಲಾಬಿಗೆ ತಿರುಗುತ್ತದೆ. ಕೆಳಗಿನ ತುಟಿ ಬೇರೆಯಾದ್ದರಿಂದ ಕಾಣುವ ಬಣ್ಣ ಬೇರೆಯಾಗುತ್ತದೆ. ಜಾಹೀರಾತು ಕಡ್ಡಿಗೆ ಕೊಟ್ಟ ಕೀರ್ತಿ ತುಟಿಗೆ ಸಲ್ಲಬೇಕಿತ್ತು.

ಕಡ್ಡಿಯನ್ನು ತಿರುಗಿಸಿ ಮೇಲೇರಿಸುವ ಲೋಹದ ಕೊಳವೆಗೆ ಅಮೆರಿಕದ ನ್ಯಾಶ್‌ವಿಲ್‌ನ ಜೇಮ್ಸ್ ಬ್ರೂಸ್ ಮೇಸನ್ 1923ರಲ್ಲಿ ಪೇಟೆಂಟ್ ಪಡೆದರು. ಐದು ಸೆಂಟು, ಹತ್ತು ಸೆಂಟುಗಳಿಗೆ ಸಾಮಾನು ಮಾರುವ ಅಂಗಡಿಗಳೂ, ಔಷಧಿಯೊಡನೆ ಸೋಪು, ಪೌಡರುಗಳನ್ನೂ ಇಡುತ್ತಿದ್ದ ಡ್ರಗ್‌ಸ್ಟೋರ್‌ಗಳೂ ಇವನ್ನು ಕಾರ್ಖಾನೆಯ ಹೆಣ್ಣುಮಕ್ಕಳ, ಬೆರಳಚ್ಚುಗಾರ್ತಿಯರ ಕೈಗೆ ತಲುಪಿಸಿದವು. 1950ರಲ್ಲಿ ಹೇಝಲ್ ಬಿಷಪ್ ಎಂಬ ರಸಾಯನಶಾಸ್ತ್ರಜ್ಞೆ ಸುಲಭವಾಗಿ ಅಳಿಸಿಹೋಗದ ಲಿಪ್‌ಸ್ಟಿಕ್ಕನ್ನು ಮಾರುಕಟ್ಟೆಗೆ ತಂದರು. ಆ ಪೈಪೋಟಿಯ ನಡುವೆ 1952ರಲ್ಲಿ ರೆವ್ಲಾನ್ ಸಂಸ್ಥೆ ತನ್ನ ಒಂದು ಕೆಂಪಿಗೆ ‘ಫೈರ್ ಅಂಡ್ ಐಸ್’ ಎಂದು ಹೆಸರಿಟ್ಟು ಭಾರಿ ಪ್ರಚಾರ ಮಾಡಿತು. ಬೆಂಕಿ ಮತ್ತು ಮಂಜು ಎಂಬ ಹೆಸರಿನಿಂದ ಬಣ್ಣ ಯಾವುದೆಂದು ಊಹಿಸಲು ಬಾರದು. ಉಪಮಾನವು ಛಾಯೆಯನ್ನು ಬಿಟ್ಟು ಹಚ್ಚುವವಳ ಸ್ವಭಾವಕ್ಕೆ ಜಿಗಿದಿದೆ.

ಅದೇ 1952ರಲ್ಲಿ ಭಾರತದಲ್ಲಿ ಟಾಟಾ ಸಮೂಹ ‘ಲ್ಯಾಕ್ಮೆ’ಯನ್ನು ಆರಂಭಿಸಿತು. ಆಮದು ಪ್ರಸಾಧನಗಳಿಗೆ ವಿದೇಶಿ ವಿನಿಮಯ ಸೋರಿಹೋಗುತ್ತಿರುವುದು ಅಂದಿನ ಸರ್ಕಾರದ ಚಿಂತೆಯಾಗಿತ್ತು. ಲ್ಯಾಕ್ಮೆ ಎಂಬುದು ಫ್ರೆಂಚ್ ಸಂಗೀತಗಾರ ದೆಲಿಬನ 1883ರ ಗೀತನಾಟಕದ ನಾಯಿಕೆಯ ಹೆಸರು; ಅದು ನಮ್ಮ ‘ಲಕ್ಷ್ಮಿ’ಯ ಫ್ರೆಂಚ್ ಉಚ್ಚಾರ. ಲಾಕ್ಷೆ ‘ಲೇಕ್’ ಆಗಿ ಮರಳಿದಂತೆ ಲಕ್ಷ್ಮಿಯೂ ಪ್ಯಾರಿಸ್ಸಿನ ಮೂಲಕ ಹಾದು ಮುಂಬಯಿಗೆ ಮರಳಿದಳು.

ಮೂರು ಕೊಳವೆಗಳ ತಾರತಮ್ಯ

ಈಗ ಮೇಜಿನ ಮೇಲಿನ ಮೂರು ಕಡ್ಡಿಗಳಿಗೆ ಬರೋಣ. ಮೂರರಲ್ಲಿಯೂ ಮೈದ್ರವ್ಯ ಹೆಚ್ಚು ಕಡಿಮೆ ಒಂದೇ: ಹರಳೆಣ್ಣೆ, ಮೇಣಗಳು, ಸುವಾಸನೆ. ಭೇದವಿರುವುದು ವರ್ಣದ್ರವ್ಯಗಳ ಸಂಖ್ಯೆಗಳಲ್ಲಿ.

‘ಕೋರಲ್’ನಲ್ಲಿ ಸಿ.ಐ. 15850 ಎಂಬ ಕೆಂಪು ಲೇಕ್, ಒಂದು ಹಳದಿ, ಜೊತೆಗೆ ಸಿ.ಐ. 77891 ಎಂಬ ಟೈಟಾನಿಯಂ ಡೈಆಕ್ಸೈಡಿನ ಬಿಳಿ. ಕೆಂಪಿಗೆ ಹಳದಿ ಕೂಡಿ ಕಿತ್ತಳೆಯಾಗಿ, ಬಿಳಿ ಕೂಡಿ ತಿಳಿಯಾಗುತ್ತದೆ. ‘ಬ್ರಿಕ್ ರೆಡ್’ನಲ್ಲಿ ಅದೇ ಕೆಂಪಿನೊಡನೆ ಸಿ.ಐ. 77491 ಎಂಬ ಕೆಂಪು ಕಬ್ಬಿಣದ ಆಕ್ಸೈಡ್ ಇದೆ. ಕೆಮ್ಮಣ್ಣಿಗೂ ಇಟ್ಟಿಗೆಗೂ ಬಣ್ಣ ಕೊಡುವುದು ಇದೇ ಆಕ್ಸೈಡ್ ಆದ್ದರಿಂದ ಇಲ್ಲಿ ಹೆಸರು ಉಪಮೆಯನ್ನು ಮೀರಿ ವಾಸ್ತವವೇ ಆಗಿದೆ. ‘ನ್ಯೂಡ್’ನಲ್ಲಿ ಬಿಳಿಯ ಹೆಸರು ವರ್ಣಗಳ ಸಾಲಿನಲ್ಲಿ ಮೊದಲು ಬರುತ್ತದೆ, ಅದರ ಹಿಂದೆ ಕಬ್ಬಿಣದ ಆಕ್ಸೈಡುಗಳು.

ಕೈಯ ಹಿಂಬದಿಯ ಮೇಲೆ ಮೂರನ್ನೂ ಒಂದೊಂದು ಗೀರು ಎಳೆದು ನೋಡುವುದು ಅಂಗಡಿಯ ರೂಢಿ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ನನಗೆ ಮೊದಲೆರಡರ ನಡುವೆ ಹೆಚ್ಚು ಅಂತರ ಕಾಣಲಿಲ್ಲ. ಕಾಲೇಜಿನ ಅಂಗಳದ ಬಿಸಿಲಿನಲ್ಲಿ ಒಂದು ಹಣ್ಣಿನ ಕಡೆಗೂ ಇನ್ನೊಂದು ಮಣ್ಣಿನ ಕಡೆಗೂ ಸರಿದವು. ಬೆಳಕು ಬದಲಾದರೆ ಛಾಯೆಗಳ ಸಂಬಂಧವೂ ಬದಲಾಗುತ್ತದೆ. ಮೇಲಾಗಿ ಕೈಯ ಹಿಂಬದಿ ತುಟಿಯಲ್ಲ. ತುಟಿಯ ಚರ್ಮ ತೆಳು, ಅದರಡಿಯಲ್ಲಿ ರಕ್ತವಿದೆ, ಅದಕ್ಕೆ ತನ್ನದೇ ವರ್ಣವಿದೆ. ತೆಳುವಾಗಿ ಹಚ್ಚಿದ ಕಡ್ಡಿಯ ಬಣ್ಣವನ್ನು ಆ ವರ್ಣ ಒಳಗಿನಿಂದ ತಿದ್ದುತ್ತದೆ.

ಬೆಲೆಯ ವಿಷಯವಾಗಿ ಒಂದು ಮಾತು. ಅಗ್ಗದ ಕಡ್ಡಿಗೂ ದುಬಾರಿ ಕಡ್ಡಿಗೂ ನಮ್ಮ ದೇಶದಲ್ಲಿ ಅನುಮತಿಸಿರುವ ವರ್ಣದ್ರವ್ಯಗಳ ಪಟ್ಟಿ ಒಂದೇ. ಸೀಸ, ಆರ್ಸೆನಿಕ್‌ಗಳ ಸಂಯುಕ್ತಗಳನ್ನು ಬಣ್ಣಕ್ಕಾಗಿ ಬಳಸುವುದು ಎರಡಕ್ಕೂ ನಿಷಿದ್ಧ. ವರ್ಣದ್ರವ್ಯದ ಪ್ರಮಾಣ, ಅದನ್ನು ಅರೆದ ನುಣುಪು, ಸುವಾಸನೆ, ಕೊಳವೆಯ ಅಂದ, ಜಾಹೀರಾತಿನ ವೆಚ್ಚ ಇವೇ ಬೆಲೆಯ ಅಂತರವನ್ನು ಬಹುಮಟ್ಟಿಗೆ ನಿರ್ಧರಿಸುತ್ತವೆ. ಹೀಗಾಗಿ ಹೆದರಬೇಕಾದದ್ದು ಅಗ್ಗದ ಕಡ್ಡಿಗಲ್ಲ, ತಯಾರಕರ ವಿಳಾಸವಾಗಲಿ ಘಟಕಗಳ ಪಟ್ಟಿಯಾಗಲಿ ಇಲ್ಲದ ಕಡ್ಡಿಗೆ.

‘ನ್ಯೂಡ್’ ಯಾರ ತುಟಿ?

ವಿದ್ಯಾರ್ಥಿನಿ ಮೂರನೆಯ ಕಡ್ಡಿಯನ್ನು ಹಚ್ಚಿ ತೋರಿಸಿದಳು. ಅವಳ ಗೋದಿಗಿಂತ ಕಪ್ಪಾದ, ಚೆಲುವಾದ ಮುಖದ ಮೇಲೆ ತುಟಿಯೊಂದೇ ಬೂದಿ ಮೆತ್ತಿದಂತೆ ಕಂಡಿತು. ಕಾರಣ ಮಾಟವಲ್ಲ, ಆ ಬಿಳಿಯ ಪುಡಿ.

ನ್ಯೂಡ್ ಎಂಬ ಹೆಸರಿನ ತರ್ಕವನ್ನು ಸ್ವಲ್ಪ ಪರೀಕ್ಷಿಸಬೇಕು. ಉಳಿದ ಛಾಯೆಗಳು ತುಟಿಯನ್ನು ಹವಳಕ್ಕೋ ಇಟ್ಟಿಗೆಗೋ ಹೋಲಿಸುತ್ತವೆ. ಇದಾದರೋ ತುಟಿಯನ್ನು ತುಟಿಗೇ ಹೋಲಿಸುತ್ತದೆ. ಉಪಮಾನ, ಉಪಮೇಯಗಳೆರಡೂ ಒಂದೇ ಆದರೆ ಅದು ಅನನ್ವಯ. ಅದರ ಗುರಿ ಮೀಲಿತ: ಎರಡು ವಸ್ತುಗಳ ಗುಣ ಒಂದೇ ಆಗಿ ಒಂದು ಇನ್ನೊಂದರಲ್ಲಿ ಅಡಗಿಹೋಗುವುದು. ಚಂದ್ರಾಲೋಕದಲ್ಲಿ ಜಯದೇವನು ಮೀಲಿತಕ್ಕೆ ಕೊಟ್ಟ ಉದಾಹರಣೆ ನಮ್ಮ ವಿಷಯಕ್ಕೆ ತೀರ ಹತ್ತಿರದ್ದು. ಸಹಜವಾಗಿಯೇ ಕೆಂಪಾಗಿರುವ ಪಾದಕ್ಕೆ ಅರಗಿನ ರಸವನ್ನು ಹಚ್ಚಿದರೆ ಅದು ಹಚ್ಚಿದ್ದೆಂದು ತಿಳಿಯುವುದಿಲ್ಲ ಎಂಬುದು ಅದರ ತಾತ್ಪರ್ಯ. ಇಲ್ಲಿ ಒಂದು ನಿಯಮ ಅಡಗಿದೆ. ಮೀಲಿತ ಸಿದ್ಧಿಸಬೇಕಾದರೆ ಹಚ್ಚುವ ಬಣ್ಣಕ್ಕೂ ಹಚ್ಚಿಸಿಕೊಳ್ಳುವ ಅಂಗಕ್ಕೂ ಗುಣಸಾಮ್ಯ ಇರಲೇಬೇಕು. ಕಡ್ಡಿಯ ಬಣ್ಣವನ್ನು ಎಲ್ಲೋ ಯಾರದೋ ತುಟಿಗೆ ಅಳೆದು ನಿಶ್ಚಯಿಸಿ, ಎಲ್ಲರ ತುಟಿಯೂ ಇದೇ ಎಂದರೆ ಅನನ್ವಯವೂ ಇಲ್ಲ, ಮೀಲಿತವೂ ಇಲ್ಲ. ಅದು ಅಳತೆಯ ಮೋಸ.

ಈ ಮೋಸ ತುಟಿಬಣ್ಣಕ್ಕೆ ಸೀಮಿತವಾದದ್ದೂ ಅಲ್ಲ. ಅಮೆರಿಕದ ಕ್ರಯೋಲಾ ಬಣ್ಣದ ಕಡ್ಡಿಗಳಲ್ಲಿ ತಿಳಿ ಪೀಚ್ ಬಣ್ಣದ ಕಡ್ಡಿಗೆ ‘ಫ್ಲೆಶ್’ ಎಂದರೆ ‘ಮೈಬಣ್ಣ’ ಎಂಬ ಹೆಸರಿತ್ತು. 1962ರಲ್ಲಿ ಅದನ್ನು ‘ಪೀಚ್’ ಎಂದು ಬದಲಿಸಿದರು. ತಮ್ಮ ಚರ್ಮಕ್ಕೆ ಹೊಂದುವ ಬಣ್ಣ ಸಿಗದೆ ಕಪ್ಪು ರೂಪದರ್ಶಿಯರು ತಾವೇ ಬಣ್ಣ ಬೆರೆಸಿಕೊಳ್ಳುವುದನ್ನು ಕಂಡ ‘ಎಬೊನಿ’ ಪತ್ರಿಕೆಯ ಪ್ರಕಾಶಕರು 1973ರಲ್ಲಿ ‘ಫ್ಯಾಷನ್ ಫೇರ್’ ಎಂಬ ಪ್ರಸಾಧನ ಸಂಸ್ಥೆಯನ್ನೇ ಆರಂಭಿಸಬೇಕಾಯಿತು. ನಮ್ಮ ದೇಶದಲ್ಲಿ 1975ರಿಂದ ಮಾರಾಟದಲ್ಲಿದ್ದ ‘ಫೇರ್ ಅಂಡ್ ಲವ್ಲಿ’ ತನ್ನ ಹೆಸರಿನಿಂದ ‘ಫೇರ್’ ಎಂಬ ಪದವನ್ನು ಕೈಬಿಟ್ಟದ್ದು 2020ರಲ್ಲಿ. ಬಳೆ ಅಂಗಡಿಯಾಕೆಯ ಮಾತು ಅವಳೊಬ್ಬಳ ಮಾತಲ್ಲ ಎಂಬುದಕ್ಕೆ ಇಷ್ಟು ಸಾಕು.

ಆದರೆ ಕೆಂಪು ಕಪ್ಪು ಮೈಗೆ ಒಪ್ಪದು ಎಂಬ ತೀರ್ಪಿಗೆ ನಮ್ಮ ಕಾವ್ಯಗಳಲ್ಲಿ ಆಧಾರವಿದೆಯೇ? ಮೇಘದೂತದಲ್ಲಿ ಯಕ್ಷನು ತನ್ನ ಪ್ರಿಯೆಯನ್ನು ವರ್ಣಿಸುವ ಪ್ರಸಿದ್ಧ ಪದ್ಯದಲ್ಲಿ ಅವಳನ್ನು ‘ಶ್ಯಾಮಾ’ ಎನ್ನುತ್ತಾನೆ. ಅದೇ ಉಸಿರಿನಲ್ಲಿ ಅವಳ ತುಟಿ ಹಣ್ಣಾದ ತೊಂಡೆಯಂತೆ ಎನ್ನುತ್ತಾನೆ. ವ್ಯಾಖ್ಯಾನಕಾರರು ಇಲ್ಲಿ ಶ್ಯಾಮಾ ಎಂಬುದಕ್ಕೆ ಯುವತಿಯೆಂದು ಅರ್ಥ ಹೇಳಿದ್ದುಂಟು, ಅದನ್ನು ಮರೆಮಾಚಲಾರೆ. ಆದರೂ ಆ ಪದದ ಮೈಯಲ್ಲಿ ಕಪ್ಪಿನ ನೆರಳಿದೆ. ಆ ನೆರಳಿನ ಪಕ್ಕದಲ್ಲಿ ತೊಂಡೆಯ ಕೆಂಪನ್ನಿಡಲು ಕವಿಗೆ ಅಳುಕಾಗಲಿಲ್ಲ. ಕುಮಾರಸಂಭವದ ಮೊದಲ ಸರ್ಗದಲ್ಲಿ ಪಾರ್ವತಿಯ ನಗುವನ್ನು ವರ್ಣಿಸುವಾಗ ಅವಳ ತುಟಿಯನ್ನು ತಾಮ್ರವರ್ಣದ್ದೆಂದು ಕರೆದಿದೆ. ತಾಮ್ರವೆಂದರೆ ಕಂದು ಬೆರೆತ ಕೆಂಪು, ಚೆಂದಳಿರಿನ ಬಣ್ಣ, ನಮ್ಮ ನಾಡಿನ ಎಷ್ಟೋ ಹೆಣ್ಣುಮಕ್ಕಳ ತುಟಿಯ ಸಹಜ ಬಣ್ಣ. ಈ ನೆಲದ ನ್ಯೂಡ್ ಯಾವುದೆಂದು ಕೇಳಿದರೆ ನಾನು ಮಾವಿನ ಚಿಗುರನ್ನು ತೋರಿಸುತ್ತೇನೆ. ನಮ್ಮ ಕಾವ್ಯ ಗೌರವರ್ಣವನ್ನು ಹೊಗಳಿದ್ದು ಕಡಿಮೆಯೇನಲ್ಲ. ಹಾಗೆಂದು ಅದು ಕೆಂಪನ್ನು ಗೌರವರ್ಣದವರಿಗೆ ಬರೆದುಕೊಡಲಿಲ್ಲ.

ಮೇಜಿನ ಮೇಲೆ ಒಂದು ಹಣ್ಣು

ನಾನು ಈ ಟಿಪ್ಪಣಿಗಳನ್ನು ಮಾಡಿಕೊಳ್ಳುತ್ತಿದ್ದ ವಾರ, ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಒಬ್ಬ ವಿದ್ಯಾರ್ಥಿ ಕರವಸ್ತ್ರದಲ್ಲಿ ಎರಡು ತೊಂಡೆಹಣ್ಣುಗಳನ್ನು ಸುತ್ತಿಕೊಂಡು ತಂದ. ಒಂದನ್ನು ಪಿಕಳಾರ ಕುಕ್ಕಿತ್ತು. ಒಳಗಿನ ತಿರುಳೂ ಕೆಂಪಗಿತ್ತು. ತರಗತಿಯ ಬಹುಪಾಲು ಮಕ್ಕಳು ಅದನ್ನು ಮೊದಲ ಬಾರಿಗೆ ನೋಡುತ್ತಿದ್ದರು. ಅಡುಗೆಮನೆಗೆ ಎಳೆಗಾಯಿಯಾಗಿ ಬರುವ ತೊಂಡೆ ಹಣ್ಣಾಗುವವರೆಗೆ ಉಳಿಯುವುದು ಬೇಲಿಯಲ್ಲಿ ಮಾತ್ರ. ಬೇಲಿಗಳೇ ಇಲ್ಲದ ಬಡಾವಣೆಯಲ್ಲಿ ಬೆಳೆದವರಿಗೆ ಆ ಉಪಮೆ ಸತ್ತಿದ್ದರೆ ಅದರಲ್ಲಿ ಅವರ ತಪ್ಪೇನೂ ಇಲ್ಲ.

ಹಣ್ಣನ್ನು ಕಿಟಕಿಯ ಬೆಳಕಿನಲ್ಲಿಟ್ಟು ಮೂರು ಕಡ್ಡಿಗಳನ್ನು ಪಕ್ಕಕ್ಕಿಟ್ಟೆವು. ಕೋರಲ್ ಅದಕ್ಕಿಂತ ತಿಳಿ. ಬ್ರಿಕ್ ರೆಡ್ ಅದಕ್ಕಿಂತ ಮಂಕು. ತೊಂಡೆಯ ಕೆಂಪು ಅವೆರಡರ ನಡುವೆ, ಕೋರಲ್‌ಗೆ ತುಸು ಹತ್ತಿರದಲ್ಲಿತ್ತು. ಆ ವಿದ್ಯಾರ್ಥಿನಿ ಮೊದಲು ಬ್ರಿಕ್ ರೆಡ್ಡನ್ನು ತೆಳುವಾಗಿ ಹಚ್ಚಿ, ಅದರ ಮೇಲೆ ಕೋರಲ್ಲನ್ನು ಒಮ್ಮೆ ಆಡಿಸಿ, ತುಟಿಗಳನ್ನು ಒತ್ತಿ ಕೈಗನ್ನಡಿ ನೋಡಿಕೊಂಡಳು. ಯಶೋಧರನು ಹೇಳಿದ ಕ್ರಮವೂ ಹೀಗೆ ಒಂದರ ಮೇಲೊಂದು ಬರುವುದೇ ಎಂದು ನನಗೆ ನೆನಪಾಯಿತು. ಅವಳ ಮುಖಕ್ಕೆ ಆ ಕೆಂಪು ಒಪ್ಪಿತೇ ಎಂದು ಯಾರೂ ಕೇಳಲಿಲ್ಲ; ಕೇಳುವ ಅಗತ್ಯ ಕಾಣಲಿಲ್ಲ.

ಆಮೇಲೆ ಮಕ್ಕಳು ತಾವಾಗಿಯೇ ಕರಿಹಲಗೆಯ ಮೇಲೆ ಕನ್ನಡದ ಕೆಂಪುಗಳನ್ನು ಪಟ್ಟಿ ಮಾಡತೊಡಗಿದರು: ಕುಂಕುಮ, ಕಿರಮಂಜಿ, ಇಟ್ಟಿಗೆ, ಕೆಮ್ಮಣ್ಣು, ತಾಮ್ರ, ಈರುಳ್ಳಿ, ನೇರಳೆ, ಹವಳ, ಮಾವಿನ ಚಿಗುರು. ಇಳಕಲ್ ಕಡೆಯ ಒಬ್ಬಳು ದಾಳಿಂಬೆಯನ್ನು ಸೇರಿಸಿದಳು. ಗಂಟೆ ಬಾರಿಸುವ ಹೊತ್ತಿಗೆ ಪಟ್ಟಿ ಇಪ್ಪತ್ತನ್ನು ದಾಟಿತ್ತು. ಮರುದಿನದ ಪಾಠಕ್ಕೆ ಬೇಕೆಂದು ಅದನ್ನು ಅಳಿಸದೆ ಬಿಟ್ಟೆ.